ಕಾಫಿ ಹೂವಿನ ದಿನಗಳಲ್ಲಿ ಬಯಾಥ್ಲಾನಿನ ಕೊನೆಯ ರೇಸು

ಶುಕ್ರವಾರ: ಹಾಸನದಿಂದ ಆಲ್ದೂರಿಗೆ

ಮಾರ್ಚ್‌ನಲ್ಲಿ ಆಲ್ದೂರಿನ ಮಾವನ ತೋಟಕ್ಕೆ ಹೋಗುವುದು ಅಂತ ಸಂಕ್ರಾಂತಿ ಹೊತ್ತಿಗೇ ಮಾತಾಗಿತ್ತು. ಅತ್ತೆ ಕರೆದಿದ್ದು ಕಾಫಿ ಹೂವು ನೋಡೋಕೆ. ನಾನು ದಿನ ಗೊತ್ತು ಮಾಡಿದ್ದು ಬೇರೆ ಲೆಕ್ಕದಲ್ಲಿ. 2024-25ರ ಬಯಾಥ್ಲಾನ್ ವಿಶ್ವಕಪ್ ಮಾರ್ಚ್ 23ರ ಭಾನುವಾರ ನಾರ್ವೆಯ ಓಸ್ಲೋದಲ್ಲಿ ಮುಗಿಯುವುದಿತ್ತು. ನವೆಂಬರ್ ಕೊನೆಯಲ್ಲಿ ಫಿನ್ಲೆಂಡಿನ ಕೊಂಟಿಯೊಲಾಹ್ಟಿಯಲ್ಲಿ ಶುರುವಾದಾಗಿನಿಂದ ಬಿಡದೆ ನೋಡಿಕೊಂಡು ಬಂದ ಸೀಸನ್ ಅದು. ಕೊನೆಯ ರೇಸನ್ನಾದರೂ ಮನೆಯವರ ಜೊತೆ ಕೂತು ನೋಡಬೇಕು ಅಂತ ಆಸೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಓಡುವುದು, ನಡುನಡುವೆ ಬಂದು ರೈಫಲ್‌ನಿಂದ ಗುರಿ ಹೊಡೆಯುವುದು, ಇದೇ ಬಯಾಥ್ಲಾನ್. ನನಗೆ ಇದರ ಹುಚ್ಚು ಹತ್ತಿದ್ದಕ್ಕೆ ಹಾಸನದಲ್ಲಿ ಕಾಲೇಜಿಗೆ ಹೋಗುವಾಗಿನ ಎನ್‌ಸಿಸಿ ಕಾರಣ. ಕ್ಯಾಂಪಿನಲ್ಲಿ ನೆಲದ ಮೇಲೆ ಮಲಗಿಸಿ ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಐದು ಗುಂಡು ಹೊಡೆಸುತ್ತಿದ್ದರು. ಬಯಾಥ್ಲಾನ್‌ನಲ್ಲೂ ಅದೇ ಪಾಯಿಂಟ್ ಟೂ ಟೂ, ಅದೇ ಐದು ಗುಂಡು. ನಾವು ಹೊಡೆಯುವ ಮುಂಚೆ ಸುಮ್ನೆ ಮಲಗಿ ಉಸಿರು ಸರಿಮಾಡಿಕೊಳ್ಳುತ್ತಿದ್ದೆವು. ಅವರು ಕನಿಷ್ಠ ಮೂರೂವರೆ ಕಿಲೋ ತೂಗುವ ರೈಫಲ್ ಬೆನ್ನಿಗೆ ಹಾಕಿಕೊಂಡು, ಗುಡ್ಡ ಹತ್ತಿ, ಏದುಸಿರು ಬಿಡುತ್ತಾ ಬಂದು ಮಲಗುತ್ತಾರೆ. ಅರ್ಧ ನಿಮಿಷದೊಳಗೆ ಐದೂ ಗುಂಡು ಮುಗಿಸಿ ಮತ್ತೆ ಓಟ.

ತಮ್ಮ ಕಾರು ಓಡಿಸಿದ. ಹಗರೆ ದಾಟಿ ಬೇಲೂರಿಗೆ ಬಂದಾಗ ಬಿಸಿಲು ಏರಿತ್ತು. ಬೇಸಿಗೆಯಲ್ಲಿ ಬೇಲೂರು ದೇವಸ್ಥಾನಕ್ಕೆ ಹೋಗುವವರು ಬ್ಯಾಗಿನಲ್ಲಿ ಒಂದು ಜೊತೆ ಹಳೇ ಕಾಲುಚೀಲ ಇಟ್ಟುಕೊಳ್ಳಿ. ಅಂಗಳದ ಕಲ್ಲು ಹನ್ನೊಂದು ಗಂಟೆಗೆಲ್ಲಾ ಕಾಲು ಸುಡುತ್ತದೆ. ನಾನು ಹೋದಾಗಲೆಲ್ಲ ಬಿಲ್ಲು ಹಿಡಿದ ಬೇಟೆಗಾತಿಯ ಮುಂದೆ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಎಲ್ಲರೂ ದರ್ಪಣ ಸುಂದರಿಯ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಮ್ಮ ಪಕ್ಕದ ಗುಂಪಿಗೆ ಕಥೆ ಹೇಳುತ್ತಿದ್ದ ವಯಸ್ಸಾದ ಗೈಡ್ ನಾನು ನೋಡುವುದನ್ನು ಕಂಡು ಹತ್ತಿರ ಬಂದರು.

"ಮುಖ ನೋಡಿ ಅಮ್ಮ. ಗುರಿ ಇಟ್ಟಿದ್ದಾಳೆ, ಆದ್ರೆ ಹುಬ್ಬು ಗಂಟಿಕ್ಕಿಲ್ಲ. ಹುಬ್ಬು ಗಂಟಿಕ್ಕಿದ್ರೆ ಬಾಣ ತಪ್ಪುತ್ತೆ," ಅಂದರು.

1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. ಆ ಶಿಲ್ಪಿಗೆ ಬಿಲ್ಲುಗಾರರ ಮುಖ ಹತ್ತಿರದಿಂದ ಗೊತ್ತಿತ್ತು ಅಂತ ನನಗೆ ಖಂಡಿತ ಅನ್ನಿಸುತ್ತದೆ. ಟಿವಿಯಲ್ಲಿ ಬಯಾಥ್ಲಾನ್ ಆಟಗಾರರ ಮುಖವನ್ನು ಗುರಿಯ ಹಿಂದಿನಿಂದ ತೋರಿಸುತ್ತಾರೆ. ಚೆನ್ನಾಗಿ ಹೊಡೆಯುವವರ ಮುಖ ಸಡಿಲವಾಗೇ ಇರುತ್ತದೆ.

ಚಿಕ್ಕಮಗಳೂರಿನಲ್ಲಿ ಪೆಟ್ರೋಲು ಹಾಕಿಸಿ ಆಲ್ದೂರಿನ ರಸ್ತೆ ಹಿಡಿದೆವು. ಪೇಟೆ ದಾಟುತ್ತಿದ್ದಂತೆ ಸಿಲ್ವರ್ ಓಕ್ ಮರಗಳ ನೆರಳು ಶುರು. ಕಿಟಕಿ ಇಳಿಸಿದರೆ ಹೂವಿನ ಪರಿಮಳ. ಮಾವನ ಮನೆಗೆ ಮುಖ್ಯರಸ್ತೆ ಬಿಟ್ಟು ಮಣ್ಣಿನ ದಾರಿಯಲ್ಲಿ ಒಳಗೆ ಹೋಗಬೇಕು. ಅಲ್ಲಿಂದಾಚೆಗೆ ಫೋನಿಗೆ ಸಿಗ್ನಲ್ ಇಲ್ಲ. ಆ ಕಡೆ ತೋಟಗಳಲ್ಲಿ ಉಳಿದುಕೊಳ್ಳುವವರು ದಾರಿಯ ನಕ್ಷೆಯನ್ನು ಪೇಟೆಯಲ್ಲೇ ಇಳಿಸಿಕೊಂಡಿರುವುದು ಒಳ್ಳೆಯದು.

ರಾತ್ರಿ ಅತ್ತೆ ಅಕ್ಕಿ ಕಡುಬು, ನಾಟಿ ಕೋಳಿ ಸಾರು ಮಾಡಿದ್ದರು. ಕಡುಬನ್ನು ಬಿಸಿ ಇರುವಾಗಲೇ ಮುರಿದು, ನಡುವೆ ತುಪ್ಪ ಬಿಟ್ಟು, ಮೇಲೆ ಸಾರು. ಜೊತೆಗೆ ಆ ವರ್ಷದ ಮೊದಲ ಮಿಡಿ ಉಪ್ಪಿನಕಾಯಿ. ಊಟದ ಮಧ್ಯೆ ಬಯಾಥ್ಲಾನಿನ ವಿಷಯ ತೆಗೆದಾಗ ಮಾವ ಕೈ ತೊಳೆದು ಬಂದು ಕೂತರು. ಅವರ ಹತ್ತಿರ ಬೆಳೆ ಕಾಯೋಕೆ ಲೈಸೆನ್ಸ್ ಇರುವ ಒಂಟಿ ನಳಿಗೆ ಕೋವಿ ಇದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಮತ್ತೆ ತರಬೇಕು. ಹಂದಿ ಓಡಿಸೋಕೆ ಗಾಳಿಗೆ ಹೊಡೆದಿದ್ದು ಬಿಟ್ಟರೆ ಅದರಿಂದ ಬೇರೆ ಕೆಲಸ ತೆಗೆದುಕೊಂಡಿಲ್ಲ ಅಂತಾರೆ. ಆದರೂ ಅವರ ಅಪ್ಪ ಹೇಳಿಕೊಟ್ಟ ಪಾಠ ನೆನಪಿದೆ.

"ಓಡಿ ಬಂದು ಹೊಡೀತಾರಾ? ಉಸಿರು ಏನ್ ಮಾಡ್ತಾರೆ?"

"ಎರಡು ಸಲ ಎಳೆದು, ಅರ್ಧ ಬಿಟ್ಟು, ನಿಲ್ಲಿಸಿ, ಕುದುರೆ ಒತ್ತುತ್ತಾರೆ ಮಾವ."

"ಅಷ್ಟೇ ಪುಟ್ಟಿ. ಪೂರ್ತಿ ಹಿಡಿದ್ರೆ ಕೈ ನಡುಗುತ್ತೆ. ಪೂರ್ತಿ ಬಿಟ್ರೆ ಕಣ್ಣು ಮಂಜಾಗುತ್ತೆ. ನಮ್ಮಪ್ಪನೂ ಅರ್ಧ ಅಂತಾನೇ ಹೇಳ್ತಿದ್ರು."

ಶನಿವಾರ: ಮುಳ್ಳಯ್ಯನಗಿರಿ, ಸಂಜೆ ಗುಡುಗು

ಆ ದಿನ ಕರ್ನಾಟಕ ಬಂದ್‌ಗೆ ಕರೆ ಇತ್ತು. ಬೆಳಿಗ್ಗೆ ಆರರಿಂದ ಅಂತ ಸುದ್ದಿ. ಹಾಗಾಗಿ ಕತ್ತಲಿರುವಾಗಲೇ ಹೊರಟೆವು. ಬಂದ್ ಇಲ್ಲದಿದ್ದರೂ ಮುಳ್ಳಯ್ಯನಗಿರಿಗೆ ಹಾಗೇ ಹೋಗಬೇಕು. ಶನಿವಾರ, ಭಾನುವಾರ ಎಂಟು ಗಂಟೆ ಆದರೆ ಆ ಕಿರಿದಾದ ರಸ್ತೆಯಲ್ಲಿ ಎದುರುಬದುರು ಗಾಡಿಗಳು ಸಿಕ್ಕಿಕೊಂಡು ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಕೈಮರದ ಚೆಕ್‌ಪೋಸ್ಟ್ ದಾಟಿದ ಮೇಲೆ ತಿರುವುಗಳು. ಒಂದು ಕಡೆ ಹುಲ್ಲಿನ ಗುಡ್ಡ ಕಪ್ಪಾಗಿ ಸುಟ್ಟಿತ್ತು. ಚಹಾ ಮಾರುತ್ತಿದ್ದ ಹುಡುಗ ಹೇಳಿದ: "ಬೇಸಿಗೆ ಬಂದ್ರೆ ನಮಗೆ ನಿದ್ದೆ ಇಲ್ಲ. ಯಾರೋ ಒಬ್ರು ಬೀಡಿ ಎಸೆದ್ರೆ ಸಾಕು, ಗಾಳಿಗೆ ಇಡೀ ಗುಡ್ಡ ಹತ್ತಿಕೊಳ್ಳುತ್ತೆ. ಸೊಪ್ಪಿನಲ್ಲಿ ಬಡಿದು ಆರಿಸ್ತೀವಿ." ದಯವಿಟ್ಟು ಆ ಕಡೆ ಹೋದವರು ಬೆಂಕಿಯ ವಿಷಯದಲ್ಲಿ ಎಚ್ಚರ ಇಡಿ. ಶೋಲಾ ಕಾಡಿನ ಅಂಚು ಒಂದು ಸಲ ಸುಟ್ಟರೆ ಬೇಗ ವಾಪಸ್ ಬರಲ್ಲ.

ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತೋಕೆ ಶುರು ಮಾಡಿದೆವು. ಅರ್ಧ ದಾರಿಯಲ್ಲಿ ತಮ್ಮನ ಚಪ್ಪಲಿ ಕಿತ್ತುಹೋಯಿತು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲೇ ಹತ್ತಿದ. ಗಾಳಿ ಎಷ್ಟಿತ್ತು ಅಂದರೆ ಮಾತಾಡಿದ್ದು ಅರ್ಧ ಹಾರಿಹೋಗುತ್ತಿತ್ತು. ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗದ್ದುಗೆಗೆ ಕೈ ಮುಗಿದು ಗೋಡೆಯ ಮರೆಗೆ ಕೂತೆವು.

1930 ಮೀಟರ್ ಎತ್ತರ, ನಮ್ಮ ರಾಜ್ಯದ ಅತಿ ಎತ್ತರದ ಜಾಗ. ಬಯಾಥ್ಲಾನ್ ವಿಶ್ವಕಪ್‌ನ ಮೈದಾನಗಳಲ್ಲಿ ಎತ್ತರಕ್ಕೆ ಹೆಸರಾದ ಇಟಲಿಯ ಆಂಟ್‌ಹೋಲ್ಜ್ ಕೂಡ ಸುಮಾರು 1600 ಮೀಟರ್. ಅಲ್ಲಿ ಗಾಳಿ ತೆಳು. ಏರಿನಲ್ಲಿ ಜಾಸ್ತಿ ಜೋರು ಮಾಡಿದವರಿಗೆ ಗುರಿಯ ಮುಂದೆ ಉಸಿರು ಸರಿಹೋಗುವುದೇ ಇಲ್ಲ. ಕುತ್ತಿಗೆ ಮೇಲೆ ಬೆರಳಿಟ್ಟು ನೋಡಿಕೊಂಡೆ, ನಾಡಿ ಬಡಿದುಕೊಳ್ಳುತ್ತಿತ್ತು. ಕೈ ಚಾಚಿ ದೂರದ ಟವರಿನ ತುದಿಗೆ ಹೆಬ್ಬೆರಳಿನ ಉಗುರು ತಾಗಿಸಿ ಹಿಡಿದೆ. ಪ್ರತಿ ಬಡಿತಕ್ಕೂ ಉಗುರು ಟವರಿನಿಂದ ಆಚೆ ಹೋಗಿ ಈಚೆ ಬರುತ್ತಿತ್ತು. ಹೀಗೆ ಮಾಡಿ ನೋಡಿ, ಆ ಆಟ ಎಷ್ಟು ಕಷ್ಟ ಅಂತ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಗಾಳಿ ಬೇರೆ. ಗುರಿ ಹೊಡೆಯುವ ಜಾಗದಲ್ಲಿ ಗಾಳಿ ನೋಡೋಕೆ ಅಂತಲೇ ಸಣ್ಣ ಬಾವುಟ ಕಟ್ಟಿರುತ್ತಾರೆ. ಅದನ್ನು ನೋಡಿ ರೈಫಲ್‌ನ ಗುರಿ ನೋಡುವ ಸೈಟನ್ನು ಒಂದೆರಡು ಕ್ಲಿಕ್ ತಿರುಗಿಸಿಕೊಳ್ಳಬೇಕು. ಬಾವುಟ ಇಳಿಯಲಿ ಅಂತ ಕಾದರೆ ಹೊತ್ತು ಹೋಗುತ್ತದೆ, ಕಾಯದಿದ್ದರೆ ಗುಂಡು ಹೋಗುತ್ತದೆ.

ತಪ್ಪಿದ ಗುಂಡಿಗೆ ಅಲ್ಲೇ ದಂಡ. ಒಂದು ಗುಂಡು ತಪ್ಪಿದರೆ 150 ಮೀಟರಿನ ಒಂದು ಸುತ್ತು ಜಾಸ್ತಿ ಓಡಬೇಕು. ಇಪ್ಪತ್ತೈದು ಸೆಕೆಂಡ್ ಹತ್ತಿರ ಹೋಯಿತು ಅಂತ ಲೆಕ್ಕ. ಇಂಡಿವಿಜುವಲ್ ಅನ್ನೋ ಉದ್ದದ ರೇಸಿನಲ್ಲಿ ಮಾತ್ರ ಸುತ್ತಿಲ್ಲ, ಗುಂಡಿಗೆ ಒಂದು ನಿಮಿಷ ಕೂಡಿಸಿಬಿಡುತ್ತಾರೆ. ಈ ಆಟದಲ್ಲಿ ನನಗೆ ತುಂಬಾ ಹಿಡಿಸುವುದು ದಂಡದ ಸುತ್ತೇ. ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ, ಸಾಲ ತೀರಿಸುವುದೂ ಎಲ್ಲರ ಕಣ್ಣೆದುರೇ, ತೀರಿಸಿದ ಮೇಲೆ ರೇಸು ಮುಂದುವರಿಯುತ್ತದೆ. ದಂಡದ ಸುತ್ತು ಓಡಿಯೂ ಗೆದ್ದವರು ಬೇಕಾದಷ್ಟು ಜನ ಇದ್ದಾರೆ.

ಮೇಲೆ ಕೂತಾಗ ತಮ್ಮನಿಗೆ ಬೋ ಅಣ್ಣತಮ್ಮಂದಿರ ವಿಷಯ ಹೇಳಿದೆ. ನಾರ್ವೆಯ ತಾರ್ಯೈ ಬೋ ಅಣ್ಣ, ಯೊಹಾನೆಸ್ ತಿಂಗ್ನೆಸ್ ಬೋ ತಮ್ಮ. ಅಣ್ಣ 2011ರಲ್ಲಿ ಇಡೀ ಸೀಸನ್ನಿನ ವಿಶ್ವಕಪ್ ಗೆದ್ದ. ಆಮೇಲೆ ತಮ್ಮ ಅದನ್ನು ಐದು ಸಲ ಗೆದ್ದ. ಆ ವರ್ಷದ ಜನವರಿ 18ರಂದು ಜರ್ಮನಿಯ ರೂಪೋಲ್ಡಿಂಗ್‌ನಲ್ಲಿ ಇಬ್ಬರೂ ಒಟ್ಟಿಗೆ ಕೂತು, ಈ ಸೀಸನ್ ಮುಗಿದರೆ ನಾವು ನಿಲ್ಲಿಸುತ್ತೇವೆ ಅಂದರು. ಮುಂದಿನ ವರ್ಷ ಒಲಿಂಪಿಕ್ಸ್ ಇತ್ತು. ಆದರೂ ಯೊಹಾನೆಸ್ ಮನೆ, ಮಕ್ಕಳು ಮುಖ್ಯ ಅಂದ. ಅದಾಗಿ ಒಂದು ತಿಂಗಳಿಗೆ ಸ್ವಿಟ್ಜರ್ಲೆಂಡಿನ ಲೆಂಜರ್‌ಹೈಡೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸ್ಪ್ರಿಂಟ್, ಪರ್ಸ್ಯೂಟ್ ಅನ್ನೋ ಎರಡೂ ರೇಸುಗಳಲ್ಲಿ ಅವನಿಗೇ ಚಿನ್ನ. ಹೋಗುವ ಮುಂಚೆ ಅಷ್ಟು ಚೆನ್ನಾಗಿ ಆಡಿದವನನ್ನು ನೋಡಿ ನನಗೆ ಕಣ್ಣು ತುಂಬಿತ್ತು. ತಮ್ಮ ಕೇಳಿಸಿಕೊಂಡು, "ಅಣ್ಣನೂ ಜೊತೇಲೇ ಬಿಟ್ಟನಾ?" ಅಂದ. ಹೂಂ ಅಂದೆ. "ಹಾಗಾದ್ರೆ ನಾಳೆ ನೋಡಲೇಬೇಕು ಅಕ್ಕ," ಅಂದ.

ಇಳಿಯುವಾಗ ಸೌತೆಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿ ಕೊಡುವ ಅಮ್ಮ ತಮ್ಮನ ಬರಿಗಾಲು ನೋಡಿ ಗೋಣಿದಾರ ಕೊಟ್ಟರು. ಅದರಲ್ಲಿ ಚಪ್ಪಲಿ ಕಟ್ಟಿಕೊಂಡು ಕಾರಿನವರೆಗೆ ಬಂದ. ದಾರಿಯಲ್ಲಿ ಕೆಲವು ಅಂಗಡಿಗಳು ತೆರೆದೇ ಇದ್ದವು, ನಮಗೇನೂ ತೊಂದರೆ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೆಕೆ ಬಿಗಿಯಾಯಿತು. ಮಾವ ಜಗುಲಿಯಲ್ಲಿ ಆಕಾಶ ನೋಡುತ್ತಾ ಕೂತಿದ್ದರು. ಊಟಕ್ಕೆ ಎಳೇ ಹಲಸಿನಕಾಯಿ ಪಲ್ಯ ಇತ್ತು, ಅವರಿಗೆ ಸೇರಲಿಲ್ಲ. ಕಾಫಿಗೆ ಮಳೆ ಬೇಕು, ಆದರೆ ಹೇಳಿದ ಹೊತ್ತಿಗೆ ಬೇಕು. ಮೊಗ್ಗು ಕಾಯುತ್ತಿರುವಾಗ ಒಂದು ಹದ ಬಿದ್ದರೆ ಎಂಟು ಹತ್ತು ದಿನಕ್ಕೆ ಹೂವು ಬಿರಿಯುತ್ತದೆ. ಬಿರಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ, ಕಾಯಿ ಕಚ್ಚುವುದಿಲ್ಲ. ಅವರ ರೋಬಸ್ಟಾ ಅವತ್ತು ಬೆಳಿಗ್ಗೆ ತಾನೇ ಪೂರ್ತಿ ಬಿರಿದಿತ್ತು. "ವರ್ಷವೆಲ್ಲಾ ಗೊಬ್ಬರ, ಕಸಿ, ಕೂಲಿ ಅಂತ ಮಾಡಿದ್ದು ಇವತ್ತೊಂದು ಸಂಜೆ ಮೇಲೆ ನಿಂತಿದೆ ನೋಡು," ಅಂದರು.

ಸಂಜೆ ಪರ್ಸ್ಯೂಟ್ ರೇಸು. ಮೊದಲಿನ ರೇಸಿನಲ್ಲಿ ಎಷ್ಟು ಸೆಕೆಂಡ್ ಹಿಂದೆ ಇದ್ದರೋ ಅಷ್ಟೇ ಸೆಕೆಂಡ್ ತಡವಾಗಿ ಹೊರಟು ಅಟ್ಟಿಸಿಕೊಂಡು ಹೋಗುವ ರೇಸದು. ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ, ಗೋದಾಮಿನ ಗೋಡೆ ಪಕ್ಕ. ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಮೊದಲ ಸುತ್ತು ನೋಡುತ್ತಿದ್ದಂತೆ ಗುಡುಗು. ಕಣದ ತುಂಬಾ ಕರಿಮೆಣಸು ಹರಡಿತ್ತು. ಫೋನು ಜೇಬಿಗೆ ಹಾಕಿಕೊಂಡು ಓಡಿದೆ. ಮಾವ, ಅತ್ತೆ, ತಮ್ಮ, ಲೈನ್ ಮನೆಯವರು ಎಲ್ಲ ಸೇರಿ ಮೆಣಸು ಗುಡ್ಡೆ ಮಾಡಿ ಟಾರ್ಪಾಲ್ ಎಳೆದೆವು. ದಪ್ಪ ಹನಿ ಟಪಟಪ ಬಿದ್ದವು. ಕರೆಂಟು ಹೋಯಿತು. ಟವರೂ ಸತ್ತಿತು. ಎಲ್ಲರೂ ಟಾರ್ಪಾಲಿನ ಅಂಚು ಹಿಡಿದುಕೊಂಡೇ ನಿಂತಿದ್ದೆವು. ಸ್ವಲ್ಪ ಹೊತ್ತಿಗೆ ಮೋಡ ಬಾಳೆಹೊನ್ನೂರಿನ ಕಡೆ ಜರುಗಿತು. ನೆಲ ಪೂರ್ತಿ ನೆನೆಯಲೂ ಇಲ್ಲ. ಮಾವ ಬ್ಯಾಟರಿ ಹಿಡಿದು ತೋಟದೊಳಗೆ ಹೋಗಿ ಬಂದು, "ಹೂವು ಉಳೀತು," ಅಂದರು. ಆಮೇಲೆ ತಾವೇ ಊಟ ಕೇಳಿದರು.

ಭಾನುವಾರ: ಕಣದಲ್ಲಿ

ಬೆಳಿಗ್ಗೆ ತೋಟದಲ್ಲಿ ಜೇನುಹುಳುಗಳ ಸದ್ದು ಎಷ್ಟಿತ್ತೆಂದರೆ ದೂರದಲ್ಲಿ ಮೋಟರ್ ಓಡುತ್ತಿದೆ ಅಂದುಕೊಂಡೆ. ರೋಬಸ್ಟಾ ಗಿಡದ ಪ್ರತಿ ಗಣ್ಣಿನಲ್ಲೂ ಹೂವಿನ ಗೊಂಚಲು. ಹತ್ತಿರದಿಂದ ನೋಡಿದರೆ ಎಸಳುಗಳ ನಡುವೆ ಕೇಸರಗಳು ನೆಟ್ಟಗೆ ನಿಂತಿರುತ್ತವೆ, ಮುಟ್ಟಿದರೆ ಬೆರಳಿಗೆ ಹುಡಿ. ಎರಡು ಮೂರು ದಿನಕ್ಕೆಲ್ಲ ಇದು ಕಂದಿಹೋಗುತ್ತದೆ. ಹೂವು ನೋಡಲೇಬೇಕು ಅನ್ನುವವರು ತೋಟದವರಿಗೆ ಫೋನ್ ಮಾಡಿ ಮಳೆ ಬಿದ್ದ ದಿನ ಕೇಳಿಕೊಂಡು, ಅಲ್ಲಿಂದ ದಿನ ಎಣಿಸಿ ಹೊರಡಬೇಕು. ಕ್ಯಾಲೆಂಡರ್ ನೋಡಿ ಹೊರಟರೆ ಸಿಗಲ್ಲ.

ತಿಂಡಿ ಆದಮೇಲೆ ಮಾವ ಕೇಳಿದರು: "ಆ ಗುರಿ ಎಷ್ಟು ದಪ್ಪ?" ಮಲಗಿ ಹೊಡೆಯುವಾಗ 45 ಮಿಲಿಮೀಟರ್, ನಿಂತು ಹೊಡೆಯುವಾಗ 115 ಅಂದೆ. ಅತ್ತೆ ಅಡುಗೆಮನೆಯಿಂದ ನಿಂಬೆಹಣ್ಣು ತಂದರು. ಅಳತೆಪಟ್ಟಿ ಹಿಡಿದರೆ ಹೆಚ್ಚುಕಡಿಮೆ 45. ಇನ್ನೊಂದಕ್ಕೆ ತೆಂಗಿನ ಕರಟದ ಅರ್ಧ ಹೋಳು ಸರಿಹೋಯಿತು. ಕಣದ ಒಂದು ತುದಿಯ ಬೇಲಿಗೂಟದ ಮೇಲೆ ಎರಡನ್ನೂ ಇಟ್ಟು, ಟೇಪ್ ಎಳೆದು 50 ಮೀಟರ್ ಅಳೆದು, ಗೇಟಿನ ಆಚೆ ನಿಂತು ನೋಡಿದೆವು. ಕರಟ ಕಂಡಿತು. ನಿಂಬೆಹಣ್ಣು ಎಲ್ಲಿದೆ ಅಂತ ಹುಡುಕಬೇಕಾಯಿತು. ಮಾವ ಕಣ್ಣು ಕಿರಿದು ಮಾಡಿ ತುಂಬಾ ಹೊತ್ತು ನೋಡಿ, "ದೂರಬೀನು ಇಲ್ಲದೇನಾ?" ಅಂದರು. ಹೌದು, ಆ ರೈಫಲ್‌ಗೆ ದೊಡ್ಡದು ಮಾಡಿ ತೋರಿಸುವ ಗಾಜು ಹಾಕುವಂತಿಲ್ಲ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಬಯಾಥ್ಲಾನ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಾಗ ಸ್ವೀಡನ್ನಿನ ಕ್ಲಾಸ್ ಲೆಸ್ಟಾಂಡರ್ ಇಪ್ಪತ್ತಕ್ಕೆ ಇಪ್ಪತ್ತೂ ಹೊಡೆದು ಚಿನ್ನ ಗೆದ್ದ ಅಂತ ಹೇಳಿದೆ. ಮಾವ ಏನೂ ಮಾತಾಡದೆ ಮತ್ತೊಮ್ಮೆ ಕಣ್ಣು ಕಿರಿದು ಮಾಡಿ ಗೂಟದ ಕಡೆ ನೋಡಿದರು.

ಇದನ್ನೆಲ್ಲ ಲೈನ್ ಮನೆಯ ಮಕ್ಕಳು ನೋಡುತ್ತಿದ್ದರು. ಮೆಣಸು ಕುಯ್ಯೋಕೆ ಕೊಪ್ಪಳದ ಕಡೆಯಿಂದ ಬಂದ ಕುಟುಂಬಗಳು. ನಾನು ದಂಡದ ಸುತ್ತಿನ ವಿಷಯ ಹೇಳಿದ್ದೇ ತಡ, ಅವರೇ ಆಟ ಕಟ್ಟಿಬಿಟ್ಟರು. ಕಣಕ್ಕೆ ಒಂದು ಸುತ್ತು ಓಡುವುದು, ಗೆರೆಯ ಹತ್ತಿರ ನಿಂತು ಐದು ಕಲ್ಲಲ್ಲಿ ಕರಟ ಬೀಳಿಸುವುದು, ತಪ್ಪಿದ ಪ್ರತಿ ಕಲ್ಲಿಗೂ ಟಾರ್ಪಾಲಿನ ಸುತ್ತ ಒಂದು ಓಟ. ದೊಡ್ಡ ಹುಡುಗರು ಗಾಳಿ ಹಾಗೆ ಓಡಿ ಬಂದು ಐದೂ ಕಲ್ಲು ಎಲ್ಲೆಲ್ಲೋ ಎಸೆದರು. ಹತ್ತು ವರ್ಷದ ಒಬ್ಬಳು ಹುಡುಗಿ ಮಾತ್ರ ಗೆರೆಗೆ ಬರುವ ಮುಂಚೆ ಓಟ ನಿಧಾನ ಮಾಡಿದಳು. ನಿಂತಳು. ಭುಜ ಇಳಿಸಿದಳು. ಆಮೇಲೆ ಎಸೆದಳು. ಯಾರೂ ಹೇಳಿಕೊಟ್ಟಿರಲಿಲ್ಲ! ವಿಶ್ವಕಪ್‌ನಲ್ಲೂ ಗುರಿಯ ಜಾಗ ಹತ್ತಿರ ಬಂದಾಗ ಎಲ್ಲರೂ ಮಾಡುವುದು ಇದನ್ನೇ. ಅವಳೇ ಗೆದ್ದಳು. ನಾನು ಜೋರಾಗಿ ಚಪ್ಪಾಳೆ ತಟ್ಟಿದೆ.

ಸಂಜೆ ಅದೇ ಮೂಲೆಯಲ್ಲಿ ಫೋನನ್ನು ಕಾಫಿ ಮೂಟೆಗೆ ಒರಗಿಸಿ ಇಟ್ಟೆವು. ಮಾವ, ಅತ್ತೆ, ತಮ್ಮ, ಮಕ್ಕಳು, ಅವರ ಅಮ್ಮಂದಿರು ಎಲ್ಲರೂ ಸುತ್ತ ಕೂತರು. ಅತ್ತೆ ತಟ್ಟೆ ತುಂಬಾ ಹಲಸಿನಕಾಯಿ ಚಿಪ್ಸ್ ಇಟ್ಟರು. ಚಿತ್ರ ಆಗಾಗ ನಿಲ್ಲುತ್ತಿತ್ತು. ಆದರೂ ಬಿಡಲಿಲ್ಲ.

ಹೆಂಗಸರ ಮಾಸ್ ಸ್ಟಾರ್ಟ್. ಮೂವತ್ತು ಜನ ಒಟ್ಟಿಗೆ ಹೊರಡುತ್ತಾರೆ, 12.5 ಕಿಲೋಮೀಟರ್. ಎರಡು ಸಲ ಮಲಗಿ, ಎರಡು ಸಲ ನಿಂತು, ಒಟ್ಟು ಇಪ್ಪತ್ತು ಗುಂಡು. ಗೆದ್ದವರಿಗೆ 90 ಅಂಕ, ಎರಡನೆಯವರಿಗೆ 75. ಚಳಿಗಾಲವೆಲ್ಲ ಹೀಗೆ ಕೂಡಿಟ್ಟ ಅಂಕದಲ್ಲಿ ಮುಂದಿರುವವರಿಗೆ ಸ್ಫಟಿಕದ ಗೋಳ. ಜರ್ಮನಿಯ ಫ್ರಾಂಜಿಸ್ಕಾ ಪ್ರಾಯ್ಸ್, ಫ್ರಾನ್ಸಿನ ಲೂ ಜಾನ್‌ಮೊನೊ ಇಬ್ಬರ ಮಧ್ಯೆ ಉಳಿದಿದ್ದು ಬೆರಳಲ್ಲಿ ಎಣಿಸುವಷ್ಟು ಅಂಕ. ಪ್ರಾಯ್ಸ್ ಕಾಯಿಲೆಯ ಕಾಟದಿಂದ ಹಿಂದಿನ ಎಷ್ಟೋ ಸೀಸನ್‌ಗಳಲ್ಲಿ ರೇಸುಗಳನ್ನು ಕಳೆದುಕೊಂಡವಳು. ಮೂವತ್ತು ದಾಟಿದ ಮೇಲೆ ಮೊದಲ ಸಲ ಗೋಳದ ಇಷ್ಟು ಹತ್ತಿರ ಬಂದಿದ್ದಳು. ನನ್ನ ಮನಸ್ಸು ಅವಳ ಕಡೆಗಿತ್ತು. ಮಕ್ಕಳು ಜಾನ್‌ಮೊನೊ ಕಡೆ ಆದರು.

ಕೊನೆಯ ಸುತ್ತಿಗೆ ಬರುವಾಗ ಇಬ್ಬರೂ ಒಟ್ಟಿಗೇ ಇದ್ದರು. ಡಿಸೆಂಬರ್‌ನಲ್ಲಿ ಹೋಖ್‌ಫಿಲ್ಜನ್, ಜನವರಿಯಲ್ಲಿ ಓಬರ್‌ಹೋಫ್, ಮಾರ್ಚ್‌ನಲ್ಲಿ ನೋವೆ ಮೆಸ್ತೊ, ಪೊಕ್ಲ್ಯುಕಾ, ಇಷ್ಟೆಲ್ಲ ಸುತ್ತಿ ಬಂದು ಗುಂಡೆಲ್ಲ ಮುಗಿದ ಮೇಲೆ ಬರೀ ಕಾಲಿನ ಮೇಲೆ ನಿಂತಿತು. ಮಾವ ಮುಂದಕ್ಕೆ ಬಾಗಿ ಕೂತಿದ್ದರು. ಗೆರೆ ಇನ್ನೇನು ಬಂತು ಅನ್ನುವಾಗ ಇಬ್ಬರ ಸ್ಕೀ ತಾಗಿದ ಹಾಗಾಯಿತು, ಜಾನ್‌ಮೊನೊ ಬಿದ್ದಳು. ಕಣದಲ್ಲಿ ಎಲ್ಲರೂ ಒಟ್ಟಿಗೇ "ಅಯ್ಯೋ" ಅಂದೆವು. ಪ್ರಾಯ್ಸ್ ಮೊದಲು ಬಂದಳು. ಬಿದ್ದವಳು ಎದ್ದು ಓಡಿ ಎರಡನೆಯವಳಾಗಿ ಬಂದಳು.

"ಬಿದ್ದಾಕಿನ್ನ ಯಾರೂ ಯಾಕ ಎತ್ತಲಿಲ್ರೀ ಅಕ್ಕಾರ?" ಕಲ್ಲಲ್ಲಿ ಗೆದ್ದ ಹುಡುಗಿ ಕೇಳಿದಳು.

ಅವಳೇ ಎದ್ದಳಲ್ಲ ಅಂದೆ. ಆದರೆ ನನಗೂ ಗಂಟಲು ಕಟ್ಟಿತ್ತು. ಪ್ರಾಯ್ಸ್‌ಗೆ ಗೋಳ ಸಿಕ್ಕಿದ್ದು ಸರಿಯೇ, ನಾಲ್ಕು ತಿಂಗಳು ಅಷ್ಟು ಸಮವಾಗಿ ಆಡಿದವಳು ಆ ಚಳಿಗಾಲ ಬೇರೆ ಯಾರೂ ಇರಲಿಲ್ಲ. 2017ರಲ್ಲಿ ಲೌರಾ ಡಾಲ್‌ಮಯರ್ ಗೆದ್ದ ಮೇಲೆ ಜರ್ಮನಿಯ ಹೆಂಗಸರಿಗೆ ಅದು ಬಂದೇ ಇರಲಿಲ್ಲ. ಆದರೂ ಗುಂಡು ತಪ್ಪಿದರೆ ಓಡಿ ತೀರಿಸೋಕೆ ಒಂದು ಸುತ್ತು ಇದೆ. ಕೊನೆಯ ತಿರುವಿನಲ್ಲಿ ಬಿದ್ದರೆ ಅಂಥದ್ದೇನೂ ಇಲ್ಲ. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಗಂಡಸರ ಕಡೆ ಗೋಳ ನಾರ್ವೆಯ ಸ್ಟುರ್ಲಾ ಹೋಮ್ ಲೇಗ್ರೈಡ್‌ಗೆ ಹೋಯಿತು. ಯೊಹಾನೆಸ್ ಎರಡನೆಯವನು. ಅಣ್ಣತಮ್ಮಂದಿರು ತಮ್ಮ ದೇಶದ ಜನರ ಮುಂದೆಯೇ ಆಟ ಮುಗಿಸಿದರು. ನನ್ನ ತಮ್ಮ ಚಿಪ್ಸ್ ಮರೆತು ನೋಡುತ್ತಿದ್ದ.

ಸೋಮವಾರ: ವಾಪಸ್

ಬೆಳಿಗ್ಗೆ ಹೊರಡುವಾಗ ಅತ್ತೆ ಕರಿಮೆಣಸು, ಕಾಫಿಪುಡಿ, ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು. ತಮ್ಮ ಆಲ್ದೂರಿನಲ್ಲಿ ಹೊಸ ಚಪ್ಪಲಿ ಕೊಂಡ.

ಮಾವ ಗೇಟಿನವರೆಗೆ ಬಂದು ಮುಂದಿನದು ಯಾವಾಗ ಅಂತ ಕೇಳಿದರು. 2026ರ ಫೆಬ್ರವರಿಯಲ್ಲಿ ಇಟಲಿಯ ಒಲಿಂಪಿಕ್ಸ್, ಬಯಾಥ್ಲಾನ್ ಅದೇ ಆಂಟ್‌ಹೋಲ್ಜ್‌ನಲ್ಲಿ ಅಂದೆ. ಅಲ್ಲಿ ಮಧ್ಯಾಹ್ನ ಶುರುವಾದ ರೇಸು ಚಳಿಗಾಲದಲ್ಲಿ ನಮಗೆ ನಾಲ್ಕೂವರೆ ಗಂಟೆ ಮುಂದೆ, ಅಂದರೆ ಕೆಲಸ ಮುಗಿಸಿ ಕೂರುವ ಹೊತ್ತಿಗೆ ಸರಿಯಾಗಿ ಬರುತ್ತದೆ.

"ಫೆಬ್ರವರಿ ಅಂದ್ರೆ ಮೆಣಸಿನ ಕುಯ್ಲು. ಆ ಕೊಪ್ಪಳದವರೂ ಬಂದಿರ್ತಾರೆ," ಅಂದರು ಮಾವ. "ನೆಟ್‌ನವನಿಗೆ ಹೇಳಿ ಕಣದವರೆಗೂ ವೈರ್ ಎಳೆಸ್ತೀನಿ. ನೀನು ದೊಡ್ಡ ಟಿವಿ ತಾ."